ಕೋಡೆಕ್ಸ್ ಅಮಿಯಾಟಿನಸ್: ಮೊದಲ ಹಾಳೆಯಲ್ಲಿ ದಾನಿಯ ಹೆಸರು ಕೆರೆದವರು

ಓಲೆಗರಿ:

ನಮಸ್ಕಾರ. ಕಳೆದ ತಿಂಗಳು ಫುಟ್‌ಪಾತಿನಲ್ಲಿ ಒಂದು ಹಳೇ ನಿಘಂಟು ಕೊಂಡೆ. ಮನೆಗೆ ತಂದು ನೋಡಿದರೆ ಮೊದಲ ಪುಟದಲ್ಲಿ ಬ್ಲೇಡಿನಿಂದ ಕೆರೆದ ಗುರುತು. ಯಾವುದೋ ಲೈಬ್ರರಿಯ ಸೀಲು ಇತ್ತು ಅಂತ ಕಾಣುತ್ತದೆ. ಕೆರೆದವರು ಅವಸರದಲ್ಲಿದ್ದರೋ ಏನೋ, 17ನೇ ಪುಟದ ಸೀಲನ್ನು ಮರೆತಿದ್ದಾರೆ. ಲೈಬ್ರರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಒಂದು ಸೀಲು ಒಳಗಡೆ ಗುಟ್ಟಾಗಿ ಇದ್ದೇ ಇರುತ್ತದೆ.

ಅದನ್ನು ನೋಡಿದಾಗ ನೆನಪಾದದ್ದು ಕೋಡೆಕ್ಸ್ ಅಮಿಯಾಟಿನಸ್. ವಲ್ಗೇಟ್ ಅಂದರೆ ಬೈಬಲ್ಲಿನ ಹಳೇ ಲ್ಯಾಟಿನ್ ಅನುವಾದ. ಪೂರ್ತಿಯಾಗಿ ಉಳಿದುಕೊಂಡಿರುವ ವಲ್ಗೇಟ್ ಬೈಬಲ್‌ಗಳಲ್ಲಿ ಇದೇ ಅತಿ ಹಳೆಯದು. ಈಗ ಇಟಲಿಯ ಫ್ಲಾರೆನ್ಸ್‌ನಲ್ಲಿ, ಲಾರೆನ್ಷಿಯನ್ ಲೈಬ್ರರಿಯಲ್ಲಿದೆ. ಅದರ ಶುರುವಿನ ಹಾಳೆಯಲ್ಲಿ ಒಂದು ಅರ್ಪಣೆ ಪದ್ಯ ಇದೆ. ಅದರ ಪ್ರಕಾರ ಪುಸ್ತಕವನ್ನು ಕೊಟ್ಟವನು ಇಟಲಿಯದೇ ಲಾಂಬಾರ್ಡರ ಸೀಮೆಯ ಮಠಾಧಿಪತಿ ಪೇತ್ರುಸ್. ಪಡೆದದ್ದು ಟಸ್ಕನಿಯ ಅಮಿಯಾಟಾ ಬೆಟ್ಟದ ಸಾನ್ ಸಾಲ್ವಾತೋರೆ ಮಠ. ನೂರಾರು ವರ್ಷ ಜನ ಇದನ್ನು ನಂಬಿದರು.

ಸುಳ್ಳು. ಆ ಪದ್ಯದಲ್ಲಿ ನಾಲ್ಕು ಮಾತು ಕೆರೆದು ಬದಲಿಸಿದ್ದಾರೆ. ಪುಸ್ತಕ ಹುಟ್ಟಿದ್ದು ಇಟಲಿಯಲ್ಲೇ ಅಲ್ಲ. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ನಾರ್ಥಂಬ್ರಿಯಾ ರಾಜ್ಯದ ವೇರ್‌ಮತ್-ಜಾರೋ ಜೋಡಿ ಮಠದಲ್ಲಿ. ಬರೆಸಿದವನು ಅಲ್ಲಿನ ಮಠಾಧಿಪತಿ ಚೆಯೋಲ್‌ಫ್ರಿತ್. 716ಕ್ಕೆ ಮುಂಚೆ.

ಇದರ ಒಡೆತನದ ಕಥೆ ಬಲ್ಲವರು ಸೇರಿಸಿ. ಪದ್ಯದ ಛಂದಸ್ಸು ಯಾರಾದರೂ ಬಿಡಿಸಿದರೆ ಇನ್ನೂ ಒಳ್ಳೆಯದು. ನನಗೆ ಲ್ಯಾಟಿನ್ ಬರುವುದಿಲ್ಲ.

ಸುಮ್ನೆ ಓದ್ತೀನಿ:

ದಡ್ಡ ಪ್ರಶ್ನೆ ಅಂದುಕೊಳ್ಳಬೇಡಿ. ಅಷ್ಟು ಹಳೇ ಕಾಲದಲ್ಲಿ ಇಂಗ್ಲೆಂಡಿನಿಂದ ಇಟಲಿಗೆ ಪುಸ್ತಕ ಹೋಗಿದ್ದು ಹೇಗೆ? ಯಾಕೆ?

ಓಲೆಗರಿ:

ಕಾಣಿಕೆ. ರೋಮಿನಲ್ಲಿರುವ ಸಂತ ಪೇತ್ರನ ಸಮಾಧಿಗೆ ಒಪ್ಪಿಸಲು. ಬೀಡ್ ಅನ್ನುವ ಸನ್ಯಾಸಿ ಆ ಮಠದಲ್ಲೇ ಏಳನೇ ವಯಸ್ಸಿನಿಂದ ಬೆಳೆದವನು. ತನ್ನ ಮಠಾಧಿಪತಿಗಳ ಚರಿತ್ರೆ ಬರೆದಿದ್ದಾನೆ. ಚೆಯೋಲ್‌ಫ್ರಿತ್ ಇಡೀ ಬೈಬಲ್ಲಿನ ಮೂರು ಪ್ರತಿ ಮಾಡಿಸಿದ ಅಂತ ಅದರಲ್ಲಿದೆ. ಎರಡು ಪ್ರತಿ ಎರಡು ಮಠಗಳ ಚರ್ಚ್‌ಗೆ. ಮೂರನೆಯದನ್ನು ತಾನೇ ಹೊತ್ತುಕೊಂಡು ರೋಮ್‌ಗೆ ಹೊರಟ.

716ರ ಜೂನ್ 4, ಗುರುವಾರ. ಮುದುಕನಿಗೆ ಎಪ್ಪತ್ತು ದಾಟಿತ್ತು. ಹೊರಡುವ ವಿಷಯ ಮಠದವರಿಗೆ ಹೇಳಿದ್ದೇ ಕೊನೇ ಗಳಿಗೆಯಲ್ಲಿ. ವೇರ್ ನದಿ ದಾಟಲು ದೋಣಿ ಹತ್ತಿದ. ಜೊತೆಗೆ ಹಚ್ಚಿದ ಮೇಣದಬತ್ತಿ, ಚಿನ್ನದ ಶಿಲುಬೆ ಹಿಡಿದವರು ಹತ್ತಿದರು. ದಡದಲ್ಲಿ ನಿಂತವರು ಅಳುತ್ತಿದ್ದರು. ಬೀಡ್ ಬರೆದ ಈ ಭಾಗ ಓದಿದರೆ ನಮಗೂ ಗಂಟಲು ಕಟ್ಟುತ್ತದೆ.

ರೋಮ್ ಮುಟ್ಟಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 25ಕ್ಕೆ ಈಗಿನ ಫ್ರಾನ್ಸಿನ ಲಾಂಗ್ರ್ ಊರಲ್ಲಿ ತೀರಿಕೊಂಡ. ಜೊತೆಗಿದ್ದವರಲ್ಲಿ ಕೆಲವರು ಸುದ್ದಿ ಹೇಳಲು ವಾಪಸ್ ಹೊರಟರು, ಕೆಲವರು ಕಾಣಿಕೆ ಹೊತ್ತು ಮುಂದಕ್ಕೆ ನಡೆದರು.

ಬೈಂಡರ್ ಮಗ:

ಹೊತ್ತು ಅನ್ನುವುದು ಬರೀ ಮಾತಲ್ಲ. ಪುಸ್ತಕದ ತೂಕ 34 ಕೆಜಿ. ಅಂಗಡಿಯಿಂದ ತರುವ 25 ಕೆಜಿ ಅಕ್ಕಿ ಮೂಟೆಗಿಂತ ಭಾರ. ಎತ್ತರ ಅರ್ಧ ಮೀಟರ್, ಹಾಳೆ ಸಾವಿರದ ಮೇಲೆ. ಎಲ್ಲಾ ಕರುವಿನ ಚರ್ಮ. ಇಷ್ಟು ದೊಡ್ಡ ಹಾಳೆ ಬೇಕಾದರೆ ಒಂದು ಚರ್ಮದಲ್ಲಿ ಎರಡೇ ಬರುತ್ತವೆ. ಅಂದರೆ ಈ ಒಂದು ಪುಸ್ತಕಕ್ಕೇ 500ರ ಮೇಲೆ ಕರು. ಮೂರು ಪ್ರತಿಗೆ ನೀವೇ ಲೆಕ್ಕ ಹಾಕಿ.

ನಮ್ಮಪ್ಪ ಲೆಡ್ಜರ್ ಬೈಂಡಿಂಗ್ ಮಾಡುತ್ತಿದ್ದರು, ಚರ್ಮದ ಕೆಲಸ ಹತ್ತಿರದಿಂದ ನೋಡಿದ್ದೇನೆ. ಕೆರೆಯುವ ವಿಷಯ ಹೇಳುತ್ತೇನೆ. ಕಾಗದ ಮಸಿಯನ್ನು ಕುಡಿಯುತ್ತದೆ. ಹದ ಮಾಡಿದ ಬರೆಯುವ ಚರ್ಮದ ಮೇಲೆ ಮಸಿ ಹೆಚ್ಚಾಗಿ ಮೇಲ್ಪದರದಲ್ಲೇ ನಿಲ್ಲುತ್ತದೆ. ಹಾಗಾಗಿ ಚಾಕು ಓರೆ ಹಿಡಿದು ಮೆಲ್ಲಗೆ ಕೆರೆದರೆ ಅಕ್ಷರ ಪುಡಿಪುಡಿಯಾಗಿ ಎದ್ದು ಬರುತ್ತದೆ. ಬರೆಯುವವನ ಎಡಗೈಯಲ್ಲಿ ಯಾವಾಗಲೂ ಒಂದು ಚಾಕು ಇರುತ್ತಿತ್ತು, ತಪ್ಪು ತಿದ್ದಲಿಕ್ಕೆ. ಆದರೆ ಕೆರೆದ ಜಾಗ ನಯ ಕಳೆದುಕೊಂಡು ಒರಟಾಗುತ್ತದೆ. ಅಲ್ಲಿ ಮತ್ತೆ ಬರೆದರೆ ಮಸಿ ಸ್ವಲ್ಪ ಹರಡುತ್ತದೆ, ಬಣ್ಣವೂ ಬೇರೆ ಕಾಣುತ್ತದೆ. ಗೊತ್ತಿದ್ದವರ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಜೆಪ್ಪು ಹುಡುಗ:

ಸೆಮಿನರಿಯಲ್ಲಿ ಎರಡು ವರ್ಷ ಲ್ಯಾಟಿನ್ ಓದಿ ಹೊರಬಂದವನು ನಾನು. ಪಾದ್ರಿ ಆಗಲಿಲ್ಲ, ಲ್ಯಾಟಿನ್ ಮಾತ್ರ ಬಿಡಲಿಲ್ಲ. ಛಂದಸ್ಸು ನಾನು ಬಿಡಿಸುತ್ತೇನೆ.

ಲ್ಯಾಟಿನ್ ಛಂದಸ್ಸೂ ನಮ್ಮದರ ಹಾಗೆ ಲಘು-ಗುರು ಲೆಕ್ಕದ್ದೇ. ಈ ಸಾಲಿನ ಹೆಸರು ಹೆಕ್ಸಾಮೀಟರ್. ಆರು ಗಣ, ಪ್ರತಿಯೊಂದಕ್ಕೂ ನಾಲ್ಕು ಮಾತ್ರೆ. ಮೂಲದ ಮೊದಲ ಸಾಲು ಹೀಗೆ:

ಕೊರ್ಪುಸ / ದೆಕ್ಸಿಮಿ / ಈಮೆರಿ / ತೋವೆನೆ / ರಾಬಿಲೆ / ಪೇತ್ರೀ

ಐದು ಸಲ ಗುರು-ಲಘು-ಲಘು, ಕೊನೆಗೆ ಎರಡು ಗುರು. ನೀವೇ ತೊಡೆ ತಟ್ಟಿ ಹೇಳಿ ನೋಡಿ. ನುಣ್ಣಗೆ ಹರಿಯುತ್ತದೆ. ಅರ್ಥ: 'ಮಹಾತ್ಮ ಪೇತ್ರನ ಪೂಜ್ಯ ದೇಹಕ್ಕೆ'.

ಈಗ ಕೆರೆದು ಬರೆದದ್ದು. 'ಕೊರ್ಪುಸ್', ಅಂದರೆ ದೇಹ, ಅದನ್ನು ತೆಗೆದು 'ಚೇನೊಬಿಯುಮ್', ಅಂದರೆ ಮಠ. 'ಪೇತ್ರಿ' ತೆಗೆದು 'ಸಾಲ್ವಾತೋರಿಸ್'. ಮಠದ ಹೆಸರು ತುರುಕಬೇಕಿತ್ತಲ್ಲ.

ಚೇನೊಬಿಯ / ದೆಕ್ಸಿಮಿ / ಈಮೆರಿ / ತೋವೆನೆ / ರಾಬಿಲೆ / ಸಾಲ್ವಾತೋರಿಸ್

ಮೊದಲ ಗಣಕ್ಕೆ ಐದು ಮಾತ್ರೆ, ಕೊನೆಯದಕ್ಕೆ ಎಂಟು! ಭಾಮಿನಿ ಷಟ್ಪದಿ ಹಾಡುತ್ತಾ ಹೋಗುವಾಗ ಯಾರೋ ಮಧ್ಯೆ ಊರಿನ ಹೆಸರು, ಪಿನ್‌ಕೋಡ್ ಎಲ್ಲಾ ಸೇರಿಸಿದ ಹಾಗಾಯಿತು.

ಅನುಮಾನಪ್ಪ:

'ಚೇನೊಬಿಯುಮ್' ಅಂತ ಬರೆದು 'ಚೇನೊಬಿಯ' ಅಂತ ಎಣಿಸಿದ್ದೀರಿ. 'ಉಮ್' ಎಲ್ಲಿ ಹೋಯಿತು? ಲೆಕ್ಕ ನಿಮಗೆ ಬೇಕಾದ ಹಾಗೆ ಮಾಡಿಕೊಂಡಿರೋ ಹೇಗೆ?

ಜೆಪ್ಪು ಹುಡುಗ:

ಒಳ್ಳೇ ಪ್ರಶ್ನೆ. ಲ್ಯಾಟಿನ್ ಪದ್ಯದಲ್ಲಿ 'ಉಮ್' ಆದ ಮೇಲೆ ಸ್ವರ ಬಂದರೆ 'ಉಮ್' ಲೋಪ. ನಮ್ಮ ಲೋಪಸಂಧಿ ಇದ್ದಂತೆ ಅಂದುಕೊಳ್ಳಿ. ಹಾಗಾಗಿ ನಾನು ತಿದ್ದಿದವನ ಪರವಾಗಿಯೇ ಎಣಿಸಿದ್ದು. ಆ ರಿಯಾಯಿತಿ ಕೊಟ್ಟರೂ ಸಾಲು ಒಡೆಯುತ್ತದೆ.

ಮೂರನೇ ಸಾಲಿನಲ್ಲೂ ಇದೇ ಗತಿ. ಮೂಲ: 'ಚೆಯೋಲ್‌ಫ್ರಿದುಸ್ ಆಂಗ್ಲೋರುಮ್', ಅಂದರೆ ಆಂಗ್ಲರ ಚೆಯೋಲ್‌ಫ್ರಿತ್. ಆ ಜಾಗದಲ್ಲಿ 'ಪೇತ್ರುಸ್ ಲಾಂಗೋಬಾರ್ದೋರುಮ್'. ಆರು ಗಣದ ಸಾಲು ಏಳಾಗಿದೆ. ಸಾಲಿನ ಉಳಿದ ಭಾಗ ಮುಟ್ಟಿಲ್ಲ: 'ಕಟ್ಟಕಡೆಯ ಸೀಮೆಯಿಂದ ಬಂದ ಮಠಾಧಿಪತಿ'. ಇಂಗ್ಲೆಂಡಿನವನು ಇಟಲಿಯವರಿಗೆ ಹೀಗೆ ಬರೆದರೆ ಸರಿ, ಆಗಿನವರ ಕಣ್ಣಿಗೆ ಅದು ಭೂಮಿಯ ಅಂಚೇ. ಇಟಲಿಯ ಒಳಗೇ ಇರುವ ಲಾಂಬಾರ್ಡರವನು ಟಸ್ಕನಿಯ ಮಠಕ್ಕೆ 'ಭೂಮಿಯ ಅಂಚಿನಿಂದ ಬಂದೆ' ಅಂದರೆ ನಗು ಬರುವುದಿಲ್ಲವೇ?

ನನಗೆ ಜಾಸ್ತಿ ಸಂಕಟ ಕೊಡುವುದು ಕೊನೆಯ ಎರಡು ಸಾಲು. ನನಗೂ ನನ್ನವರಿಗೂ ಸ್ವರ್ಗದಲ್ಲಿ ಸದಾ ನೆನಪಿನ ಜಾಗ ಇರಲಿ ಅಂತ ಬೇಡಿಕೊಂಡಿದ್ದಾನೆ. ಆ ಸಾಲು ಹಾಗೇ ಇದೆ. ಬೇಡಿದವನ ಹೆಸರು ಮಾತ್ರ ಇಲ್ಲ. ಬೇರೆಯವನ ಬಾಯಲ್ಲಿ ಅದೇ ಪ್ರಾರ್ಥನೆ ಮುಂದುವರಿಯುತ್ತಿದೆ.

ಸುಮ್ನೆ ಓದ್ತೀನಿ:

ಇಷ್ಟು ಕಣ್ಣಿಗೆ ಹೊಡೆಯುವ ತಪ್ಪನ್ನು ಅಷ್ಟು ವರ್ಷ ಯಾರೂ ನೋಡಲಿಲ್ವಾ?

ಓಲೆಗರಿ:

ನೋಡಲು ಮನಸ್ಸಿರಲಿಲ್ಲ ಅನಿಸುತ್ತದೆ. ಅಮಿಯಾಟಾ ಮಠದವರು 1036ರ ಹೊತ್ತಿಗೆ ತಮ್ಮ ಪವಿತ್ರ ವಸ್ತುಗಳ ಪಟ್ಟಿಯಲ್ಲಿ ಇದನ್ನು ಪೋಪ್ 1ನೇ ಗ್ರೆಗರಿ ಸ್ವತಃ ಕೈಯಾರೆ ಬರೆದ ಬೈಬಲ್ ಅಂತ ಸೇರಿಸಿಕೊಂಡಿದ್ದರು. ಗ್ರೆಗರಿ ತೀರಿಕೊಂಡದ್ದು 604ರಲ್ಲಿ. ಪುಸ್ತಕ ಹುಟ್ಟುವುದಕ್ಕೂ ಎಷ್ಟೋ ಮೊದಲು.

ಇನ್ನೊಂದು ತಮಾಷೆ. ಪೋಪ್ 5ನೇ ಸಿಕ್ಸ್ಟಸ್ ವಲ್ಗೇಟಿನ ಅಧಿಕೃತ ಪಾಠ ಅಚ್ಚು ಹಾಕಿಸಲು ಹೊರಟಾಗ ಹಳೇ ಪ್ರತಿ ಬೇಕಾಯಿತು. ಅಮಿಯಾಟಾದಿಂದ ಈ ಪುಸ್ತಕವನ್ನು ಎರವಲು ತರಿಸಿದರು. 1587ರಿಂದ 1590ರವರೆಗೆ ರೋಮಿನಲ್ಲಿತ್ತು. ಯಾರ ಸಮಾಧಿಗೆ ಅಂತ ಬರೆಸಿದ್ದರೋ ಆ ಊರಲ್ಲೇ ಮೂರು ವರ್ಷ ಕೂತಿತ್ತು, ಎರವಲು ಪುಸ್ತಕವಾಗಿ. ಕೆಲಸ ಮುಗಿದ ಮೇಲೆ 'ಮಾಲೀಕರಿಗೆ' ವಾಪಸ್.

1780ರ ದಶಕದಲ್ಲಿ ಟಸ್ಕನಿಯ ದೊರೆ ಪೀಟರ್ ಲಿಯೋಪೋಲ್ಡ್ ಆ ಮಠವನ್ನು ಮುಚ್ಚಿಸಿದ. 1786ರಲ್ಲಿ ಪುಸ್ತಕ ಫ್ಲಾರೆನ್ಸ್ ಸೇರಿತು. ಅಲ್ಲಿನ ಲೈಬ್ರರಿಯನ್ ಬಾಂದಿನಿ ಹೆಸರುಗಳ ಜಾಗದಲ್ಲಿ ತಿದ್ದುಪಡಿ ಆಗಿರುವುದನ್ನು ಗುರುತಿಸಿದ. ಯಾರ ಹೆಸರಿತ್ತು ಅನ್ನುವುದು ಮಾತ್ರ ಹೊಳೆಯಲಿಲ್ಲ.

ಜೆಪ್ಪು ಹುಡುಗ:

ಹೊಳೆಯದಿರಲು ಇನ್ನೊಬ್ಬ ಕಾರಣ. ಒಳಗಡೆ ಬೈಬಲ್ಲಿನ ಯಾಜಕಕಾಂಡ ಅನ್ನುವ ಭಾಗದ ಶುರುವಿನ ಹತ್ತಿರ ಗ್ರೀಕ್ ಅಕ್ಷರದಲ್ಲಿ 'ಸ್ವಾಮಿ ಸೆರ್ವಾಂದುಸ್ ಮಾಡಿದ' ಅಂತ ಇದೆ. 6ನೇ ಶತಮಾನದ ಸಂತ ಬೆನೆಡಿಕ್ಟ್‌ಗೆ ಆ ಹೆಸರಿನ ಗೆಳೆಯನೊಬ್ಬ ಇಟಲಿಯಲ್ಲಿದ್ದ. ಸಾಕಲ್ಲ! 19ನೇ ಶತಮಾನದ ದೊಡ್ಡ ವಿದ್ವಾಂಸ ಟಿಶೆಂಡೋರ್ಫ್ ಕೂಡ ಇದು 541ರ ಆಸುಪಾಸಿನದು ಅಂತ ನಂಬಿದ್ದ. ಅಕ್ಷರದ ಶೈಲಿಯೂ ಪೂರ್ತಿ ಇಟಲಿಯದೇ. ಇಂಗ್ಲೆಂಡಿನ ಕಾಡು ಮೂಲೆಯಲ್ಲಿ ಇಷ್ಟು ಚೆಂದ ಬರೆಯುವವರು ಇದ್ದಾರೆ ಅಂತ ಯಾರು ತಾನೇ ಯೋಚಿಸುತ್ತಾರೆ?

ಗಂಟು ಬಿಚ್ಚಿದ್ದು 1880ರ ದಶಕದಲ್ಲಿ. ರೋಮಿನ ಜೊವಾನ್ನಿ ಬಾತ್ತಿಸ್ತಾ ದೆ ರೊಸ್ಸಿ, ಭೂಗತ ಸಮಾಧಿಗಳ ಶಾಸನ ಓದಿ ಓದಿ ಪಳಗಿದವನು. ಛಂದಸ್ಸಿಗೆ ಕೂರುವ ಹೆಸರು ಯಾವುದು ಅಂತ ಹುಡುಕಿ ಚೆಯೋಲ್‌ಫ್ರಿತ್‌ಗೆ ಬಂದು ನಿಂತ. ಆದರೆ ಜೊತೆಯ ಮಾತನ್ನು 'ಬ್ರಿಟನ್ನರ' ಅಂತ ಊಹಿಸಿದ. ಅಲ್ಲಿ ಸ್ವಲ್ಪ ಎಡವಿದ. ಕೇಂಬ್ರಿಜ್‌ನ ಹಾರ್ಟ್ ಎಂಬ ವಿದ್ವಾಂಸ ಚೆಯೋಲ್‌ಫ್ರಿತ್‌ನ ಒಂದು ಹಳೇ ಜೀವನಚರಿತ್ರೆ ತೆಗೆದು ತೋರಿಸಿದ. ಬರೆದವನ ಹೆಸರಿಲ್ಲದ ಕೃತಿ. ಅದರಲ್ಲಿ ಈ ಪದ್ಯ ಇಡಿಯಾಗಿ ನಕಲಾಗಿತ್ತು! 'ಕೊರ್ಪುಸ್', 'ಪೇತ್ರಿ', 'ಚೆಯೋಲ್‌ಫ್ರಿದುಸ್', 'ಆಂಗ್ಲೋರುಮ್'. ಓಲೆಗರಿಯವರ 17ನೇ ಪುಟದ ಸೀಲು ಇದೇ. ಪೋಪ್ 2ನೇ ಗ್ರೆಗರಿ ಕಾಣಿಕೆ ತಲುಪಿತು ಅಂತ ಬರೆದ ಕಾಗದವೂ ಅದೇ ಕೃತಿಯಲ್ಲಿದೆ.

ಅನುಮಾನಪ್ಪ:

ಎಲ್ಲಾ ಸರಿ. ಆದರೆ ಓಲೆಗರಿಯವರು ಥ್ರೆಡ್ಡಿನ ಹೆಸರಲ್ಲಿ 'ಕಳ್ಳ ಪೇತ್ರುಸ್' ಅಂತ ಹಾಕಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ನೋಡಿ, ತಿದ್ದಿದ ಅಕ್ಷರ 9ನೇ ಶತಮಾನದ ಕೊನೆ ಅಥವಾ 10ರ ಶುರುವಿನದು ಅನ್ನುತ್ತಾರೆ. ಪುಸ್ತಕ ಹೊರಟು ಸುಮಾರು 200 ವರ್ಷ. ಅಷ್ಟರಲ್ಲಿ ಅದು ಎಷ್ಟು ಕೈ ಬದಲಾಗಿರಬಹುದು? ಪೇತ್ರುಸ್ ದುಡ್ಡು ಕೊಟ್ಟು ಕೊಂಡಿರಬಹುದು. ಯಾರೋ ಅವನಿಗೆ ಕೊಟ್ಟಿರಬಹುದು. ತನ್ನದಾದ ಮೇಲೆ ತನಗೆ ಬೇಕಾದ ಮಠಕ್ಕೆ ಕೊಟ್ಟ, ಕಾಗದಪತ್ರದಲ್ಲಿ ಹೆಸರು ಬದಲಿಸಿದ. ಸೈಟು ಮಾರಿದ ಮೇಲೆ ಖಾತೆ ಬದಲಾವಣೆ ಮಾಡಿಸುವುದಿಲ್ಲವೇ? ಹೆಸರು ಬದಲಾದ ಕೂಡಲೇ ಕಳವು ಅಂದರೆ ನಮ್ಮ ಅರ್ಧ ಊರು ಜೈಲಿನಲ್ಲಿರಬೇಕು.

ಬೈಂಡರ್ ಮಗ:

ಖಾತೆ ಬದಲಾವಣೆಯಲ್ಲಿ ಹಿಂದಿನವರ ಹೆಸರು ಉಳಿದಿರುತ್ತದೆ ಸ್ವಾಮಿ. ಇದು ಕ್ರಯಪತ್ರದಲ್ಲಿ ಮಾರಿದವನ ಹೆಸರಿಗೇ ವೈಟ್‌ನರ್ ಹಚ್ಚಿದ ಹಾಗೆ. ತನ್ನ ಹೆಸರು ಹಾಕಬೇಕೆಂದಿದ್ದರೆ ಕೆಳಗೆ ಎರಡು ಸಾಲು ಸೇರಿಸಿ ಬರೆಯಬಹುದಿತ್ತು. ಹಾಗೆ ಬರೆದವರು ಬೇಕಾದಷ್ಟಿದ್ದಾರೆ. ಒಂದರ ಕೆಳಗೊಂದು ನಾಲ್ಕೈದು ಮಾಲೀಕರ ಹೆಸರಿರುವ ಲ್ಯಾಟಿನ್ ಹಸ್ತಪ್ರತಿಗಳು ಎಷ್ಟೋ ಇವೆ.

ಹೆಸರು ಅಳಿಸುವುದು ಸಣ್ಣ ವಿಷಯ ಅಂತ ಆ ಕಾಲದವರೂ ಅಂದುಕೊಂಡಿರಲಿಲ್ಲ. ಲಂಡನ್ ಹತ್ತಿರದ ಸೇಂಟ್ ಆಲ್ಬನ್ಸ್ ಮಠದ ಪುಸ್ತಕಗಳಲ್ಲಿ ಒಂದು ಶಾಪ ಇರುತ್ತಿತ್ತು: ಇದು ಸಂತ ಆಲ್ಬನ್‌ನ ಪುಸ್ತಕ, ಇದನ್ನು ಕದ್ದವನಿಗೂ ಈ ಬರಹ ಅಳಿಸಿದವನಿಗೂ ಬಹಿಷ್ಕಾರ. ಕದಿಯುವುದು, ಅಳಿಸುವುದು ಎರಡಕ್ಕೂ ಒಂದೇ ಶಿಕ್ಷೆ. ನಮ್ಮ ದಾನಶಾಸನಗಳ ಕೊನೆಯಲ್ಲಿ 'ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ' ಅಂತ ಇರುತ್ತದಲ್ಲ, ಅದನ್ನು ಓದಿ ಬೆಳೆದವರಿಗೆ ಇದೇನೂ ಹೊಸತಲ್ಲ.

ಅನುಮಾನಪ್ಪ:

ಶಾಪ ಹಾಕಬೇಕಾಗಿತ್ತು ಅಂದರೆ ಅಳಿಸುವವರು ತುಂಬಾ ಜನ ಇದ್ದರು ಅಂತಲೇ ಅರ್ಥ. ನಾನು ಹೇಳುವುದೂ ಅದೇ. ಆ ಕಾಲದಲ್ಲಿ ಮಾಮೂಲಿ. ಅಳಿಸಿದ್ದಕ್ಕೆ ಸಾಕ್ಷಿ ಇದೆ, ಕದ್ದದ್ದಕ್ಕೆ ಇಲ್ಲ.

ಓಲೆಗರಿ:

ಈ ಮಾತು ಒಪ್ಪಿದೆ. ಥ್ರೆಡ್ಡಿನ ಹೆಸರು ಬದಲಿಸಿದ್ದೇನೆ.

ಸುಮ್ನೆ ಓದ್ತೀನಿ:

ನೀವೂ ಹಳೇ ಹೆಸರು ಕೆರೆದು ಹೊಸದು ಬರೆದಿರಾ! 😄 ಇನ್ನು ನೂರು ವರ್ಷ ಆದ ಮೇಲೆ ಅನುಮಾನಪ್ಪನವರ ಕಾಮೆಂಟ್ ಓದಿ ಯಾರಾದರೂ ಮೂಲ ಶೀರ್ಷಿಕೆ ಕಂಡುಹಿಡಿಯಬೇಕು.

ಇನ್ನೊಂದು ಪ್ರಶ್ನೆ. ಉಳಿದ ಎರಡು ಪ್ರತಿ ಏನಾದವು? ಅವು ಊರಲ್ಲೇ ಇದ್ದವಲ್ಲ.

ಬೈಂಡರ್ ಮಗ:

ಇದು ನನ್ನ ಏರಿಯಾ. ಊರಲ್ಲೇ ಇದ್ದದ್ದೇ ಅವುಗಳ ಗ್ರಹಚಾರ.

ವಿಲಿಯಂ ಗ್ರೀನ್‌ವೆಲ್ ಎಂಬ ಪಾದ್ರಿಗೆ ನ್ಯೂಕಾಸಲ್‌ನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದೇ ಒಂದು ಹಾಳೆ ಸಿಕ್ಕಿತು. ಆಮೇಲೆ ನಾಟಿಂಗ್‌ಹ್ಯಾಮ್‌ಷೈರಿನ ವೊಲಟನ್ ಹಾಲ್‌ನಲ್ಲಿ ಇನ್ನಷ್ಟು ಸಿಕ್ಕವು. ಅಲ್ಲಿ ವಿಲೊಬಿ ಅನ್ನುವ ಜಮೀನ್ದಾರ ಮನೆತನದ ಆಸ್ತಿ ದಾಖಲೆಗಳಿಗೆ ಈ ಹಾಳೆಗಳೇ ಹೊದಿಕೆ! 1982ರಲ್ಲಿ ಕಿಂಗ್‌ಸ್ಟನ್ ಲೇಸಿ ಎಂಬ ಬಂಗಲೆಯಲ್ಲಿ ಇನ್ನೊಂದು ಹಾಳೆ ಸಿಕ್ಕಿತು. ಅಷ್ಟೇ. ಸಾವಿರ ಹಾಳೆಯ ಪುಸ್ತಕದಲ್ಲಿ ಒಂದು ಡಜನ್ ಹಾಳೆ, ಒಂದಷ್ಟು ಚೂರು.

ಬೈಂಡರ್ ಮಗನಾಗಿ ಒಂದು ಮಾತು. ಹೊದಿಕೆಗೆ ಹಾಕಿದವನನ್ನು ಬೈಯಬೇಡಿ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಮಠಗಳೆಲ್ಲ ಮುಚ್ಚಿಹೋದವು. ಹಳೇ ಲ್ಯಾಟಿನ್ ಪುಸ್ತಕ ಅಂದರೆ ಗಟ್ಟಿ ಚರ್ಮ, ಅಷ್ಟೇ. ನಮ್ಮಪ್ಪನೂ ಹಳೇ ಲೆಡ್ಜರ್ ಹಾಳೆಯನ್ನೇ ಹೊಸ ಪುಸ್ತಕದ ಬೆನ್ನಿಗೆ ಅಂಟಿಸುತ್ತಿದ್ದರು. ಅದರಲ್ಲಿ ಯಾರ ಲೆಕ್ಕ ಇತ್ತು ಅಂತ ಒಂದು ದಿನವೂ ಓದಲಿಲ್ಲ.

ಟೈನ್ ದಂಡೆ:

ತಡವಾಗಿ ಬಂದೆ, ಶಿಫ್ಟ್ ಇತ್ತು. ನಾನು ಕೆಲಸ ಮಾಡುವುದು ನ್ಯೂಕಾಸಲ್‌ನಲ್ಲಿ. ಜಾರೋ ನಮ್ಮ ಮೆಟ್ರೋ ಲೈನಿನ ಒಂದು ಸ್ಟೇಷನ್.

ಎರಡು ವಿಷಯ ಹೇಳಬೇಕು. ಒಂದು, ಆ ಪುಸ್ತಕ ನಾನು ಕಣ್ಣಾರೆ ನೋಡಿದ್ದೇನೆ. 2018ರ ಅಕ್ಟೋಬರ್‌ನಿಂದ 2019ರ ಫೆಬ್ರವರಿವರೆಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಆಂಗ್ಲೋ-ಸ್ಯಾಕ್ಸನ್ ಪ್ರದರ್ಶನ ಇತ್ತು. ಫ್ಲಾರೆನ್ಸ್‌ನವರು ಕಳಿಸಿಕೊಟ್ಟಿದ್ದರು. 716ರಲ್ಲಿ ಹೊರಟದ್ದು ಇಂಗ್ಲೆಂಡಿಗೆ ವಾಪಸ್ ಬಂದದ್ದು ಅದೇ ಮೊದಲು. 1302 ವರ್ಷ! ಅದೇ ಪ್ರದರ್ಶನದಲ್ಲಿ ಲಿಂಡಿಸ್‌ಫಾರ್ನ್ ಗಾಸ್ಪೆಲ್ಸ್ ಅನ್ನುವ ಇನ್ನೊಂದು ಹಳೇ ಹಸ್ತಪ್ರತಿಯೂ ಇತ್ತು. ಅದೂ ದೊಡ್ಡ ಪುಸ್ತಕವೇ. ಇದರ ಮುಂದೆ ಅದು ಶಾಲೆ ಹುಡುಗರ ಪುಸ್ತಕದ ಹಾಗೆ ಕಂಡಿತು. ಫೋಟೋದಲ್ಲಿ ಇದರ ದಪ್ಪ ಗೊತ್ತಾಗುವುದೇ ಇಲ್ಲ. ನಾನು ಬೆನ್ನ ಕಡೆ ಹೋಗಿ ಬಗ್ಗಿ ನೋಡುತ್ತಿದ್ದೆ, ಗಾರ್ಡ್ ನನ್ನನ್ನೇ ನೋಡುತ್ತಿದ್ದ.

ಎರಡನೆಯದು ಮುಖ್ಯ. ಜಾರೋದ ಸೇಂಟ್ ಪಾಲ್ ಚರ್ಚ್ ಈಗಲೂ ಇದೆ. ಒಳಗಿನ ಒಂದು ಭಾಗ ಚೆಯೋಲ್‌ಫ್ರಿತ್ ಕಾಲದ್ದೇ. ಅಲ್ಲಿ ಕಮಾನಿನ ಮೇಲೆ ಒಂದು ಶಾಸನ ಇದೆ, ಚರ್ಚ್ ಪ್ರತಿಷ್ಠೆ ಮಾಡಿದಾಗ ಹಾಕಿದ್ದು. ನಮ್ಮ ಲೆಕ್ಕದಲ್ಲಿ 685ರ ಏಪ್ರಿಲ್ 23. ರಾಜ ಎಗ್‌ಫ್ರಿತ್‌ನ 15ನೇ ವರ್ಷ, ಮಠಾಧಿಪತಿ ಚೆಯೋಲ್‌ಫ್ರಿತ್‌ನ 4ನೇ ವರ್ಷ ಅಂತ ಕೊರೆದಿದ್ದಾರೆ.

ಇಲ್ಲಿ ಅವನ ಹೆಸರು ಇನ್ನೂ ಇದೆ. ಮೊದಲ ಸಲ ಓದಿದಾಗ ನಾನು ಜೋರಾಗಿ ಹೇಳಿಬಿಟ್ಟೆ, ಹೂ ಜೋಡಿಸುತ್ತಿದ್ದ ಅಜ್ಜಿ ತಿರುಗಿ ನೋಡಿದರು.

ಜೆಪ್ಪು ಹುಡುಗ:

ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ! ಆ ಶಾಸನದಲ್ಲಿ ಹೆಸರನ್ನು ಹೇಗೆ ಬರೆದಿದ್ದಾರೆ? ಪುಸ್ತಕದ ಪದ್ಯದಲ್ಲಿ 'ಚೆಯೋಲ್' ಅನ್ನುವುದನ್ನು ಒಂದೇ ಗುರುವಾಗಿ ಹಿಡಿದರೆ ಮಾತ್ರ ಸಾಲು ಕೂರುತ್ತದೆ. ಆ ಊರಿನವರು ಬಾಯಲ್ಲಿ ಹಾಗೆ ಅನ್ನುತ್ತಿದ್ದರು ಅಂತ ಕಾಣುತ್ತದೆ. ಹತ್ತಿರದಿಂದ ತೆಗೆದ ಫೋಟೋ ಇದ್ದರೆ ಹಾಕಿ.

ಟೈನ್ ದಂಡೆ:

ಫೋನಿನಲ್ಲಿ ತೆಗೆದದ್ದು ಇದೆ, ಮಸುಕು. ಕಲ್ಲು ತುಂಬಾ ಎತ್ತರದಲ್ಲಿದೆ. ಗೆಳೆಯನ ಹತ್ತಿರ ಜೂಮ್ ಲೆನ್ಸ್ ಇದೆ, ಕೇಳುತ್ತೇನೆ. ಶನಿವಾರ ರಜೆ, ಹೋಗಿ ಬರುತ್ತೇನೆ.

ಅನುಮಾನಪ್ಪ:

ಸುತ್ತ ಕೆರೆದ ಗುರುತು ಇದೆಯಾ ಅಂತಲೂ ನೋಡಿ ಬನ್ನಿ.